ಕೋಟೆಯ ಮಣ್ಣು ಮತ್ತು ನನ್ನ ಬದಲಿ ಅರ್ಜಿ

ಒಂದೇ ಊರಿನಲ್ಲಿ ನೆಟ್ಟಗೆ ಕೂರುವುದು ನನ್ನ ಜಾಯಮಾನಕ್ಕೆ ಬಂದದ್ದಲ್ಲ. ಹುಟ್ಟಿದ್ದು ಔರಾದಿನಲ್ಲಿ, ಅಲ್ಲಿದ್ದಾಗ ಭಾಲ್ಕಿಯೇ ಸ್ವರ್ಗ ಅನ್ನಿಸುತ್ತಿತ್ತು. ನಿಜಾಮರ ಸರಕಾರದ ಭಾಲ್ಕಿ ಕಚೇರಿಯಲ್ಲಿ ಗುಮಾಸ್ತನಾದೆ, ಕಣ್ಣು ಬೀದರಿನ ಕಡೆ ಹೋಯಿತು. ಬೀದರಿಗೆ ಬಂದೆ, ಪೆಟ್ಟಿಗೆ ಬಿಚ್ಚುವ ಮೊದಲೇ ಹೈದರಾಬಾದಿಗೆ ಬದಲಿ ಬೇಡಿ ಉರ್ದುವಿನಲ್ಲಿ ಅರ್ಜಿ ಗೀಚಿದೆ. ಕಾರಣ: ಇಲ್ಲಿಯ ನೀರು ಒಗ್ಗುತ್ತಿಲ್ಲ. ಬರೆಯುತ್ತ ಬರೆಯುತ್ತ ಆ ನೀರನ್ನೇ ಎರಡು ತಂಬಿಗೆ ಕುಡಿದಿದ್ದೆ, ಅದು ಬೇರೆ ಮಾತು. ನನ್ನ ಹೆಂಡತಿ ಭಾತಂಬ್ರಾದವಳು, ಮಾತು ನೇರ. "ಕಾಲಿಗಿ ಚಕ್ರ ಕಟಗೊಂಡೀರೇನ್ರಿ? ಒಲಿ ಹೂಡಿದ ಮಣ್ಣು ಇನ್ನಾ ಹಸೀನೇ ಅದ!" ಎಂದಳು.

ಅಷ್ಟರಲ್ಲಿ ಹೈದರಾಬಾದಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಬದಲಿಯ ಕಾಗದಕ್ಕೆ ರುಜು ಹಾಕುವ ಕೈ ಅವರದೇ. ಅವರಿಗೆ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಮೆಚ್ಚಿಸಿಬಿಟ್ಟರೆ ಹೈದರಾಬಾದು ಖಾತ್ರಿ ಎಂದು ಬೆಳಗಿನಿಂದ ಶೇರವಾನಿಯ ಗುಂಡಿ ಹಾಕುವುದು, ಬಿಚ್ಚುವುದು, ಇದೇ ಆಯಿತು. ಹಳೆಯ ಮದರಸಾದ ಗೋಡೆಯ ನೀಲಿ ಹೆಂಚು ತೋರಿಸಿದೆ. ಚೌಬಾರಾ ಬುರುಜು ಹತ್ತಿಸಿ ಜೋಳದ ಹೊಲ ತೋರಿಸಿದೆ. ಭಾಲ್ಕಿಯ ಕಡೆ ಸಂಜೆ ವಚನ ಹಾಡುವುದನ್ನು ಕೇಳಿದರೆ ಎಂಥವನಿಗೂ ಸಮಾಧಾನ ಎಂದೆ. ನನಗೇಕೆ ಆಗಲಿಲ್ಲವೆಂದು ಪುಣ್ಯಕ್ಕೆ ಅವರು ಕೇಳಲಿಲ್ಲ. ಎಲ್ಲಕ್ಕೂ ಬರೀ ಹೂಂ ಅಂದರು. ನನಗೆ ಮುಳ್ಳಿನ ಮೇಲೆ ನಿಂತಂತಾಯಿತು.

ಕೊನೆಗೆ ಬಿದರಿ ಪಾತ್ರೆ ಮಾಡುವ ಉಸ್ತಾದರಲ್ಲಿಗೆ ಕರೆದೊಯ್ದೆ. ಬೆಳ್ಳಿ ತಂತಿ ಕೂರಿಸಿದ ಹೂದಾನಿಯನ್ನು ಬೀದರ ಕೋಟೆಯ ಮಣ್ಣು ಕಲಸಿದ ಬಿಸಿನೀರಿನಲ್ಲಿ ಅದ್ದಿದರೆ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಬಿಸಿಲು ಮಳೆ ಕಾಣದ ಮೂಲೆಯ ಮಣ್ಣೇ ಆಗಬೇಕು. ಹೌದೋ ಅಲ್ಲವೋ ಎಂಬುದಕ್ಕೆ ನಾಲಿಗೆಯೇ ಪರೀಕ್ಷೆ. ಉಸ್ತಾದರು ಒಂದು ಚಿಟಿಕೆ ಮಣ್ಣನ್ನು ಸಾಹೇಬರ ಮುಂದೆ ಹಿಡಿದರು. ಸಾಹೇಬರ ಮುಖ ಹುಳ್ಳಗಾಯಿತು. ಅವರನ್ನು ಕಾಪಾಡಲು ನಾನೇ ಮುನ್ನುಗ್ಗಿ, ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡು ಗುಟುಕ್ಕನೆ ನುಂಗಿ, "ವಾಹ್, ಏನ್ ರುಚಿ ಅದ ರೀ!" ಎಂದೆ.

ಉಸ್ತಾದರು ಹೌಹಾರಿದರು. "ಅರೆ ಗುಮಾಸ್ತರೆ, ನಾಲಿಗಿಗಿ ಹಚ್ಚಿ ಉಗಳಬೇಕ್ರಿ ಅದು! ಯಾರರೆ ನುಂಗ್ತಾರೇನ್ರಿ?"

ಅಲ್ಲಿದ್ದ ಕೆಲಸಗಾರರೆಲ್ಲ ನಕ್ಕರು, ಸಾಹೇಬರು ಮಾತ್ರ ನಗಲಿಲ್ಲ. ನನ್ನ ಭುಜ ತಟ್ಟಿದರು, ಕಣ್ಣು ತೇವವಾಗಿತ್ತು. ಕೆಲಸ ಆಯಿತು ಎಂದು ಹಿಗ್ಗಿ ಮನೆಗೆ ಬಂದು ಪೆಟ್ಟಿಗೆ ಕಟ್ಟಿದೆ. ವಾರದೊಳಗೆ ಹುಕುಂ ಬಂತು: ತನ್ನ ನೆಲದ ಮಣ್ಣನ್ನು ಇಷ್ಟು ಪ್ರೀತಿಯಿಂದ ತಿನ್ನುವವನನ್ನು ಹೈದರಾಬಾದಿಗೆ ಕಳಿಸುವುದು ಅನ್ಯಾಯ, ಹುಟ್ಟೂರು ಔರಾದಿಗೇ ಕಳಿಸತಕ್ಕದ್ದು.

ಹೆಂಡತಿ ಸೆರಗು ಬಾಯಿಗೆ ಒತ್ತಿ ನಕ್ಕಳು. "ಮಣ್ಣ ತಿನ್ನೋರಿಗಿ ಹೈದರಾಬಾದಿನ ಮಿಠಾಯಿ ಯಾಕ ಬೇಕ್ರಿ?"

ಔರಾದಿಗೆ ಬಂದು ಮೂರು ತಿಂಗಳಾಯಿತು. ಹೈದರಾಬಾದು ನೆನಪಿಗೂ ಬರುವುದಿಲ್ಲ. ಕಣ್ಣು ಮುಚ್ಚಿದರೆ ಆ ನೀಲಿ ಹೆಂಚು, ಉಸ್ತಾದರ ಸುತ್ತಿಗೆಯ ಸದ್ದು. ಸಾಹೇಬರ ಮುಂದೆ ಹೊಗಳಿದ್ದೆಲ್ಲ ಬರೀ ಬೆಣ್ಣೆ ಹಚ್ಚುವುದಕ್ಕೆ ಅಂದುಕೊಂಡಿದ್ದೆ. ಒಂದೊಂದು ಮಾತೂ ನಿಜವಾಗಿತ್ತೆಂದು ಈಗ ತಿಳಿಯುತ್ತಿದೆ. ನಿನ್ನೆ ಯಾರೂ ಇಲ್ಲದಾಗ ಹಿತ್ತಲಿನ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದೆ. ಈ ಸಲ ಉಗುಳಿದೆ. ಇವತ್ತು ಬೀದರಿಗೇ ವಾಪಸು ಕಳಿಸಿರೆಂದು ಹೊಸ ಅರ್ಜಿ ಬರೆದಿದ್ದೇನೆ. ಕಾರಣ: ಇಲ್ಲಿಯ ಮಣ್ಣು ಒಗ್ಗುತ್ತಿಲ್ಲ.