ಮಾವನ ಪಟ್ಟಿಗೆ ಮಂಜೂರಾತಿ

ನನ್ನ ಸೋದರಮಾವ ಆಯುಸ್ಸಿನಲ್ಲಿ ಒಮ್ಮೆಯೂ ವಿಮಾನ ಹಾರಿಸಿದವರಲ್ಲ. ಆದರೂ ನಾನು ಕಲಿಯುತ್ತಿದ್ದ ಹಾರಾಟದ ಶಾಲೆಯಲ್ಲಿ ಅವರು ‘ಹೂಂ’ ಅನ್ನದೆ ಒಂದು ವಿಮಾನವೂ ನೆಲ ಬಿಡುತ್ತಿರಲಿಲ್ಲ! ಉತ್ಪ್ರೇಕ್ಷೆ ಅಂತೀರಾ? ಇರಲಿ, ಕೇಳಿ.

ಅರವತ್ತರ ದಶಕದ ಮಾತು. ಹೊಸನಗರದ ಮಾವ ಬೆಂಗಳೂರಿನ ಆ ಶಾಲೆಯಲ್ಲಿ ಚೆಕ್‌ಲಿಸ್ಟ್ ಬರೆಯುವ ಕೆಲಸದಲ್ಲಿದ್ದರು. ಹಾರುವ ಮುಂಚೆ ಒಬ್ಬರು ಆ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು, ಪೈಲಟ್ ಒಂದೊಂದನ್ನೂ ಮುಟ್ಟಿ ನೋಡಿ ಉತ್ತರ ಹೇಳಬೇಕು. ಪಟ್ಟಿಯೋ, ದೆಹಲಿಯ ಕಚೇರಿಗೆ ಹೋಗಿ, ಮಂಜೂರಾಗಿ, ಪುಟಪುಟಕ್ಕೂ ಮೊಹರು ಹೊಡೆಸಿಕೊಂಡು ಬರಬೇಕು. ಒಂದು ಸಾಲು ಬದಲಾದರೂ ಮತ್ತೆ ದೆಹಲಿ! ಬೇರೆಯವರಿಗೆ ಇದು ತಲೆನೋವು, ಮಾವನಿಗೆ ವೇದ.

ರಜೆಯಲ್ಲಿ ಊರಿಗೆ ಬಂದರೂ ಬಿಡುವ ಆಸಾಮಿಯಲ್ಲ. ಹೊಸನಗರದ ಬಸ್ ನಿಲ್ದಾಣದಲ್ಲಿ ಡ್ರೈವರನ ಪಕ್ಕ ನಿಂತು, “ಹುಲಿಕಲ್ ಘಾಟಿ ಇಳಿಯೋ ಬಸ್ಸು. ಬ್ರೇಕು?” ಎಂದು ಕೇಳುವರು.

“ಐತೆ ಸ್ವಾಮಿ.”

“ಐತೆ ಅಂದ್ರೆ ಸಾಲ್ದು, ಒತ್ತಿ ನೋಡಿ ಹೇಳು! ಹಾರ್ನು?”

“ನಿಮ್ಮ ಬಾಯಿ ಇರೋವಾಗ ಹಾರ್ನ್ ಯಾಕೆ ಸ್ವಾಮಿ?”

ಬಸ್ಸಿಗೆ ಬಸ್ಸೇ ನಕ್ಕಿತು. ಮಾವ ಮಾತ್ರ ಹಾರ್ನ್ ಹೊಡೆಸದೆ ಕೆಳಗಿಳಿಯಲಿಲ್ಲ.

ಅಣ್ಣನ ಮದುವೆಯ ಕಥೆ ಇದಕ್ಕೂ ಮೇಲು. ಸಾಗರದಿಂದ ತೀರ್ಥಹಳ್ಳಿಗೆ ದಿಬ್ಬಣ. ಮಾವ ಉದ್ದನೆಯ ಪಟ್ಟಿಯೊಂದನ್ನು ಬರೆದು ಅಜ್ಜನಿಂದ ರುಜು ಹಾಕಿಸಿದರು. “ರುಜು ಬಿದ್ಮೇಲೆ ಒಂದಕ್ಷರ ಸೇರಿಸೋ ಹಂಗಿಲ್ಲ!” ಇಕ್ಕೇರಿಯಲ್ಲಿ ದೇವರಿಗೆ ಕೈಮುಗಿಯಲು ಇಳಿದು ಹತ್ತಿದಾಗಲೂ ಪಟ್ಟಿ ಓದಿಯೇ ಬಸ್ ಬಿಡಿಸಿದರು.

“ತಾಳಿ?”

“ಇದೆ!”

“ಬಾಸಿಂಗ?”

“ಇದೆ!”

“ಪುರೋಹಿತರು?”

“ಇದ್ದೀನಪ್ಪಾ, ಇದ್ದೀನಿ!”

ಎಲ್ಲ ಸರಿ. ಹೊಸನಗರ ಇನ್ನೇನು ಬಂತು ಅನ್ನುವಾಗ ಅಮ್ಮ ಕಿರುಚಿದಳು, “ಅಯ್ಯೋ, ಮದುಮಗ ಎಲ್ಲಿ?” ಅಣ್ಣ ಪಾಪ, ಇಕ್ಕೇರಿಯಲ್ಲಿ ಇನ್ನೂ ಪ್ರದಕ್ಷಿಣೆ ಹಾಕುತ್ತಿದ್ದ!

“ಮದುಮಗ ಪಟ್ಟೀಲಿ ಇರ್ಲಿಲ್ಲ ಅಕ್ಕಾ,” ಎಂದರು ಮಾವ, ತಣ್ಣಗೆ.

“ನಿನ್ನ ಪಟ್ಟಿಗಿಷ್ಟು ಬೆಂಕಿ ಹಾಕ!” ಎಂದಳು ಅಮ್ಮ. ಮದುವೆ ಮುಗಿದ ಸಂಜೆಯೇ ಮಾವ ಮದುಮಗನನ್ನು ಸೇರಿಸಲು ಅಜ್ಜನಿಗೊಂದು ತಿದ್ದುಪಡಿ ಅರ್ಜಿ ಬರೆದರು.

ಇಷ್ಟಕ್ಕೆಲ್ಲ ಹೊಟ್ಟೆ ಹಿಡಿದು ನಕ್ಕವನು ನಾನು. ನಗು ನಿಂತದ್ದು ನನ್ನ ಬುಡಕ್ಕೇ ಬಂದಾಗ. ನಾನು ಮೊದಲ ಸಲ ಒಬ್ಬನೇ ಹಾರಬೇಕಿದ್ದ ವಿಮಾನಕ್ಕೆ ಪೆಟ್ರೋಲಿನ ನಲ್ಲಿ ಬದಲಾಯಿಸಿದರು. ಹಳೆಯದು ಎಡಕ್ಕೆ ತಿರುಗಿಸಿದರೆ ತೆರೆಯುತ್ತಿತ್ತು. ಹೊಸದು ಎಡಕ್ಕೆ ತಿರುಗಿಸಿದರೆ ಮುಚ್ಚುತ್ತಿತ್ತು. ಮಾವ ಪಟ್ಟಿ ತಿದ್ದಿ ದೆಹಲಿಗೆ ಕಳಿಸಿದರು. ಉತ್ತರ ಹೊಸನಗರದ ವಿಳಾಸಕ್ಕೇ ಬರಲಿ ಎಂದು ಬರೆದು, ರಜೆ ಹಾಕಿ ಊರಿಗೆ ಬಂದುಬಿಟ್ಟರು. ಶಾಲೆಯಲ್ಲಿದ್ದರೆ ಹಳೆಯ ಪಟ್ಟಿಗೇ ರುಜು ಹಾಕು ಎಂದು ಕಾಡುತ್ತಾರಲ್ಲ!

ಒಂದು ತಿಂಗಳೊಳಗೆ ಒಬ್ಬನೇ ಹಾರದಿದ್ದರೆ ನನ್ನ ಸೀಟು ಬೇರೆಯವರ ಪಾಲು. ಶಾಲೆಯ ಮುಖ್ಯಸ್ಥರು ನನ್ನ ಕೈಗೆ ಕಾಗದವೊಂದನ್ನು ಕೊಟ್ಟು ಅಟ್ಟಿದರು: ಸದ್ಯಕ್ಕೆ ಹಳೆಯ ಪಟ್ಟಿಯಲ್ಲೇ ಹಾರಿಸಬಹುದು ಎಂದು ಮಾವ ರುಜು ಹಾಕಬೇಕು, ಅಷ್ಟೇ. ಹೊಸನಗರದಲ್ಲಿ ಮಾವ ಅದನ್ನು ಓದಿ, ಮಡಚಿ, ವಾಪಸ್ ಕೊಟ್ಟರು.

“ಆಗೂದಿಲ್ಲ.”

“ಮಾವಾ, ಈಗ ಬಲಕ್ಕೆ ತಿರುಗಿಸ್ಬೇಕು ಅಂತ ನಂಗೆ ಗೊತ್ತಲ್ಲ!”

“ನಿಂಗೆ ಗೊತ್ತು. ನಿನ್ನ ಕೈಗೆ ಗೊತ್ತಾ? ಇಷ್ಟು ದಿನ ಎಡಕ್ಕೆ ತಿರುಗ್ಸಿದ ಕೈ ಅದು. ಗಾಬರಿ ಬಿದ್ದಾಗ ನಿನ್ನ ಮಾತು ಕೇಳ್ತದಾ?”

“ನನ್ನ ಸೀಟು ಹೋಗ್ತದೆ!”

“ಹೋಗ್ಲಿ ಮಾರಾಯ. ಸೀಟು ತಾನೆ?”

ಸಿಟ್ಟು ನೆತ್ತಿಗೇರಿತು. “ಮದುಮಗನ್ನೇ ಬಿಟ್ಟು ಬಂದ ಪಟ್ಟಿ ನಿಮ್ದು!” ಎಂದೆ.

ಮಾವ ಬೇಜಾರು ಮಾಡಿಕೊಳ್ಳಲಿಲ್ಲ. “ಅದಕ್ಕೇ ಕಣೋ ಹೇಳೋದು. ನನ್ನೊಬ್ಬನ ಕಣ್ಣು ಸಾಲೂದಿಲ್ಲ. ಇನ್ನೊಬ್ರು ನೋಡ್ಬೇಕು.”

ನಾನು ಅಲ್ಲೇ ಠಿಕಾಣಿ ಹೂಡಿದೆ. ಅತ್ತೆ ಬಡಿಸಿದ್ದನ್ನು ಉಂಡೆ, ಮಾವನ ಜೊತೆ ಮಾತು ಬಿಟ್ಟೆ. ಗಡುವಿಗೆ ನಾಲ್ಕು ದಿನ ಉಳಿದಿರುವಾಗ ಪೋಸ್ಟ್‌ಮನ್ ದೆಹಲಿಯ ರಿಜಿಸ್ಟರ್ಡ್ ಲಕೋಟೆ ತಂದ. ಪಟ್ಟಿ ಮಂಜೂರಾಗಿತ್ತು! ನಾನು ಕುಣಿಯುವುದೊಂದು ಬಾಕಿ. ಮಾವ ಮಾತ್ರ ಕೊನೆಯ ಪುಟ ಹಿಡಿದು ಹಾಗೇ ಕುಳಿತುಬಿಟ್ಟರು. ಆಕಾಶದಲ್ಲಿ ಎಂಜಿನ್ ನಿಂತುಹೋದರೆ ಓದಬೇಕಾದ ಪುಟ ಅದು. ಮಿಕ್ಕೆಲ್ಲ ಕಡೆ ನಲ್ಲಿಯನ್ನು ಬಲಕ್ಕೆ ಮಾಡಿದ್ದ ಮಾವ, ಅಲ್ಲೊಂದು ಕಡೆ ‘ಎಡಕ್ಕೆ’ ಎಂದೇ ಬಿಟ್ಟಿದ್ದರು. ದೆಹಲಿಯ ಯಾರೋ ಪುಣ್ಯಾತ್ಮ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಸರಿಮಾಡಿ, ಮೊಹರು ಒತ್ತಿದ್ದ.

“ನಾನೇ ಬರ್ದಿದ್ದು ಕಣೋ ಇದು,” ಎಂದರು. ಆ ಕೆಂಪು ಶಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ನನಗೂ ಕುಣಿಯುವ ಮನಸ್ಸಾಗಲಿಲ್ಲ.

ಅಂದೇ ಇಬ್ಬರೂ ಬೆಂಗಳೂರಿನ ಬಸ್ ಹತ್ತಿದೆವು. ನನ್ನ ಹಾರಾಟದ ಬೆಳಿಗ್ಗೆ ಮಾವನೇ ರೆಕ್ಕೆಯ ಬಳಿ ನಿಂತು ಪಟ್ಟಿ ಓದಿದರು. ನಾನು ಒಂದೊಂದನ್ನೂ ಮುಟ್ಟಿ ಉತ್ತರ ಹೇಳಿದೆ. ಪಟ್ಟಿ ಮುಗಿಯಿತು, ಮಾವ ಕದಲಲಿಲ್ಲ. ವಿಮಾನದ ಹತ್ತಿರ ಮಂಜೂರಾಗದ ಒಂದು ಮಾತನ್ನೂ ಆಡದ ಆ ಮನುಷ್ಯ ಬಗ್ಗಿ ಮೆಲ್ಲಗೆ ಕೇಳಿದರು, “ಹೆದರಿಕೆ ಆಗ್ತದಾ ಮಗಾ?”

“ಇಲ್ಲ ಮಾವಾ.”

“ನಂಗೆ ಆಗ್ತದೆ ಕಣೋ,” ಎಂದವರು, ಆಗಲೇ ಎರಡು ಸಲ ನೋಡಿದ್ದ ನನ್ನ ಬೆಲ್ಟನ್ನು ಮೂರನೆಯ ಸಲ ಎಳೆದು ನೋಡಿದರು.