ತಕ್ಕಡಿಯವರು ಮತ್ತು ಪ್ಯಾಂಟಿನ ಜಿಪ್ಪು

ಮೀಟರ್ ಸಾಹೇಬರಿಗೆ ಹೊಟ್ಟೆಕಿಚ್ಚು ಹುಟ್ಟುಗುಣವೇನೂ ಆಗಿರಲಿಲ್ಲ. ಪಕ್ಕದ ಮನೆಯವರು ಕಾರು ಕೊಂಡಾಗ ನಕ್ಕು ಸುಮ್ಮನಿದ್ದವರು ಅವರು. ಜೊತೆಯವನಿಗೆ ಬಡ್ತಿ ಸಿಕ್ಕಾಗ ಕೈಕುಲುಕಿ ಬಂದವರು (ಮನೆಗೆ ಬಂದು ಬಾಗಿಲನ್ನು ದಢಾರನೆ ಹಾಕಿದ್ದು ಬೇರೆ ಮಾತು). ಆದರೆ ಕಟ್ಟಿಕೊಂಡ ಹೆಂಡತಿಯ ಲೇಖನ ಒಂದೇ ದಿನದಲ್ಲಿ ಪಾಸಾಗಿಬಿಟ್ಟರೆ ಯಾವ ಗಂಡಸು ತಾನೇ ತಡೆದುಕೊಂಡಾನು, ನೀವೇ ಹೇಳಿ.

ಸಾಹೇಬರು ನೀರು ಸರಬರಾಜು ಕಚೇರಿಯಲ್ಲಿ ಮನೆಮನೆಯ ಮೀಟರು ಪರೀಕ್ಷಿಸುವ ಕೆಲಸದವರು. ಬೀಡಿಯಿಲ್ಲ, ಇಸ್ಪೀಟಿಲ್ಲ. ಅವರಿಗಿದ್ದ ಒಂದೇ ಚಟ ಅಂತರ್ಜಾಲದ 'ಕೈಗೆಲಸ ಬಳಗ'. ಅಲ್ಲಿ ಜನ ಬಿಟ್ಟಿಯಾಗಿ, ಲೋಕೋಪಕಾರಕ್ಕೆಂದು, 'ಇದನ್ನು ಮಾಡುವುದು ಹೇಗೆ' ಎಂಬ ಲೇಖನಗಳನ್ನು ಬರೆಯುತ್ತಾರೆ. ಬರೆದ ಕೂಡಲೇ ಪ್ರಕಟವಾಗುವುದಿಲ್ಲ. ಪರಿಶೀಲಕರೊಬ್ಬರು ಓದಬೇಕು, ಓದಿದಂತೆ ಸ್ವತಃ ಕೈಯಾರೆ ಮಾಡಿ ನೋಡಬೇಕು. ಕೆಲಸ ಕೈಗೂಡಿದರೆ ಪಾಸು, ಇಲ್ಲದಿದ್ದರೆ ಷರಾ ಬರೆದು ವಾಪಸು. ಪರಿಶೀಲಕರು ಯಾರೆಂಬುದು ಪರಮ ಗುಟ್ಟು, ಎಲ್ಲರಿಗೂ ಅಡ್ಡಹೆಸರೇ.

ಎರಡು ವರ್ಷದಲ್ಲಿ ಸಾಹೇಬರು ಕಳಿಸಿದ ಲೇಖನ ಇಪ್ಪತ್ನಾಲ್ಕು, ಪಾಸಾದದ್ದು ಐದು. 'ಸೋರುವ ನಲ್ಲಿಗೆ ವಾಷರ್ ಹಾಕುವುದು ಹೇಗೆ' ಎಂಬುದನ್ನು ಅವರು "ಅನಾದಿ ಕಾಲದಿಂದಲೂ ಮಾನವನು ಜಲದ ಸನ್ನಿಧಿಯನ್ನು ಬಯಸಿದವನು" ಎಂದು ಆರಂಭಿಸಿ, ಆರು ಪ್ಯಾರಾ ಕಳೆದ ಮೇಲೆ ನಲ್ಲಿಯ ಹತ್ತಿರ ಬಂದಿದ್ದರು. ಅದು ಈ ಷರಾದೊಂದಿಗೆ ಹಿಂದಿರುಗಿತು: "ಮೊದಲು ನೀರು ನಿಲ್ಲಿಸಬೇಕೆಂದು ಎಲ್ಲಿಯೂ ಹೇಳಿಲ್ಲ. ನಾನೀಗ ನೆನೆದ ಬಟ್ಟೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ."

"ಸಾಹಿತ್ಯದ ಗಂಧಗಾಳಿ ಇಲ್ಲದ ಜನ!" ಎಂದು ಸಾಹೇಬರು ಹೆಂಡತಿಯ ಮುಂದೆ ಹಾರಾಡಿದರು.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಬೀದಿಯ ಬಟ್ಟೆ ಹೊಲಿಯುವವಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆದು, "ಅಷ್ಟೊಂದು ಕಷ್ಟನಾ ರೀ? ನಾನೂ ಒಂದು ಬರೀಲಾ?" ಎಂದಳು.

"ಬರಿ ಬರಿ. ವಾಪಸ್ ಬಂದ್ಮೇಲೆ ನನ್ ಮುಂದೆ ಅಳ್ಬೇಡ, ಅಷ್ಟೇ."

ಅವಳು 'ಉದುರಿದ ಗುಂಡಿ ಹೊಲಿಯುವುದು ಹೇಗೆ' ಎಂದು ಒಂಬತ್ತು ಸಾಲು ಬರೆದಳು. ಸೋಮವಾರ ಕಳಿಸಿದಳು, ಮಂಗಳವಾರ ಪಾಸಾಯಿತು. ಕಾಲೇಜಿಗೆ ಹೋಗುವ ಮಗಳು ಷರಾವನ್ನು ಮನೆತುಂಬ ಕೇಳುವಂತೆ ಓದಿದಳು: "ಅಚ್ಚುಕಟ್ಟು. ನನ್ನ ಅಂಗಿಗೆ ಈಗ ಗುಂಡಿಯಿದೆ."

"ಗುಂಡಿ ಸಣ್ಣ ವಿಷಯ. ಅದಕ್ಕೇ ಪಾಸಾಗಿದೆ," ಎಂದು ಸಾಹೇಬರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಐದು ಲೇಖನ ಪಾಸಾದವರು ಪರಿಶೀಲಕರಾಗಬಹುದೆಂಬ ನಿಯಮ ಬಳಗದಲ್ಲಿತ್ತು. ಸಾಹೇಬರು ಅಂದೇ ಗುಟ್ಟಾಗಿ ಅರ್ಜಿ ಹಾಕಿದರು. 'ತಕ್ಕಡಿ' ಎಂದು ಹೆಸರಿಟ್ಟುಕೊಂಡರು (ನ್ಯಾಯದ ಸಂಕೇತವಂತೆ!). ಮನೆಯಲ್ಲಿ ತುಟಿಪಿಟಕ್ಕೆನ್ನಲಿಲ್ಲ. ವಾರ ಕಳೆಯುವುದರೊಳಗೆ 'ಪ್ಯಾಂಟಿನ ಕೆಟ್ಟ ಜಿಪ್ಪು ಬದಲಿಸುವುದು ಹೇಗೆ' ಎಂಬ ಹೆಂಡತಿಯ ಎರಡನೆಯ ಲೇಖನ ಸರದಿಗೆ ಬಂತು. ಸಾಹೇಬರು ಹದ್ದಿನಂತೆ ಎರಗಿ ಅದನ್ನು ಎತ್ತಿಕೊಂಡರು. "ಈ ಲೇಖಕರು ನನ್ನ ಮನೆಯವರಲ್ಲ, ಪರಿಚಿತರೂ ಅಲ್ಲ" ಎಂದು ಅಲ್ಲೊಂದು ಪ್ರಮಾಣಕ್ಕೆ ಒಪ್ಪಿಗೆ ಒತ್ತಬೇಕಿತ್ತು. ಹೆಂಡತಿಯ ಪೂರ್ತಿ ಪರಿಚಯ ಯಾವ ಗಂಡನಿಗೆ ತಾನೇ ಇದೆ ಎಂದುಕೊಂಡು ಒತ್ತಿಯೇಬಿಟ್ಟರು.

ಇನ್ನು ಮಾಡಿ ನೋಡಬೇಕಲ್ಲ! ತಮ್ಮ ಹಳೇ ಪ್ಯಾಂಟು, ಹೊಸ ಜಿಪ್ಪು, ಸೂಜಿ, ದಾರ ಕದ್ದುಕೊಂಡು ಬಚ್ಚಲಮನೆ ಸೇರಿ ಚಿಲಕ ಹಾಕಿದರು. ಒಂದು ಗಂಟೆಯಾಯಿತು, ಎರಡಾಯಿತು.

"ರೀ, ಹೊಟ್ಟೆ ಸರಿ ಇಲ್ವಾ?" ಎಂದು ಹೆಂಡತಿ ಬಾಗಿಲು ಬಡಿದಳು.

"ಇಲ್ಲ ಕಣೇ!" ಎಂದರು ಸಾಹೇಬರು (ಅದಂತೂ ಸತ್ಯ).

ಎಡಗೈಯ ಮೂರು ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ಮೇಲೆ ಕೆಲಸ ಮುಗಿಯಿತು. ಜಿಪ್ಪನ್ನು ಎಳೆದು ನೋಡಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸರಕ್ಕನೆ ಮೇಲಕ್ಕೆ ಹೋಯಿತು, ಕೆಳಕ್ಕೂ ಬಂತು. ಸಾಹೇಬರಿಗೆ ಅಳುವೇ ಬಂತು. ಆದರೆ ಮೊಸರಲ್ಲಿ ಕಲ್ಲು ಹುಡುಕುವವನಿಗೆ ಕಲ್ಲಿಗೇನು ಬರ! ಷರಾ ಬರೆದರು: "ನಾಲ್ಕನೇ ಹಂತದಲ್ಲಿ 'ಎರಡು ಬೆರಳು ಬಿಟ್ಟು ಹೊಲಿಯಿರಿ' ಎಂದಿದ್ದೀರಿ. ಯಾರ ಬೆರಳು?"

ಹೆಂಡತಿ ಮುಖ ಸಣ್ಣಗೆ ಮಾಡಿಕೊಳ್ಳುತ್ತಾಳೆಂದು ಅವರು ಪತ್ರಿಕೆಯ ಮರೆಯಿಂದ ಕಾದರು. ಅವಳ ಮುಖವೋ, ಅರಳಿಬಿಟ್ಟಿತು.

"ರೀ, ನೋಡಿ ಇಲ್ಲಿ! ಯಾರೋ ತಕ್ಕಡಿ ಅಂತೆ. 'ಯಾರ ಬೆರಳು' ಅಂತ ಕೇಳಿದ್ದಾರೆ. ಹೌದಲ್ವಾ! ನನ್ ಬೆರಳೇ ಬೇರೆ, ನಿಮ್ ಬೆರಳೇ ಬೇರೆ. ಎಷ್ಟು ಗಮನ ಇಟ್ಟು ಓದಿದ್ದಾರೆ ನೋಡಿ!"

ಬೆರಳು ಹೋಗಿ ಒಂದೂಕಾಲು ಇಂಚು ಬಂತು. ಸಾಹೇಬರು ಮತ್ತೆ ತಿರುಗಿಸಿದರು: ಹೊಲಿಗೆ ಬಿಚ್ಚುವಾಗ ಬಟ್ಟೆ ಹರಿದರೆ ಗತಿಯೇನು? ಎಡಗೈಯವರು ಏನು ಮಾಡಬೇಕು? ಕನ್ನಡಕದವರಿಗೆ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುವುದು ಹೇಗೆ? ಹೀಗೆ ಐದು ಸಲ, ನಲವತ್ತು ದಿನ. ಪ್ರತಿ ಸಲವೂ ಅವಳು ತಾಳ್ಮೆಯಿಂದ ತಿದ್ದಿದಳು, ಪ್ರತಿ ಸಲವೂ ಲೇಖನ ಇನ್ನಷ್ಟು ಚೆನ್ನಾಯಿತು. ಕೊನೆಗೆ ಕೇಳಲು ಏನೂ ಉಳಿಯದೆ ತಕ್ಕಡಿಯವರು ಪಾಸು ಮಾಡಬೇಕಾಯಿತು. ಮುಂದಿನ ತಿಂಗಳೇ ಬಳಗ ಅದನ್ನು ವರ್ಷದ ಅತ್ಯುತ್ತಮ ಲೇಖನವೆಂದು ಮೊದಲ ಪುಟಕ್ಕೆ ಏರಿಸಿತು.

ಅಲ್ಲಿಂದ ಶುರುವಾಯಿತು ಸಾಹೇಬರ ಶನಿಕಾಟ. ಮನೆಯಲ್ಲಿ ಎದ್ದರೆ ತಕ್ಕಡಿ, ಕೂತರೆ ತಕ್ಕಡಿ. "ತಕ್ಕಡಿಯವರು ಎಷ್ಟು ತಾಳ್ಮೆಯಿಂದ ಕೇಳ್ತಾರೆ." "ತಕ್ಕಡಿಯವರಾಗಿದ್ರೆ ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕ್ತಿರ್ಲಿಲ್ಲ." ಮಗಳು ಬೇರೆ, "ಅಮ್ಮಾ, ನಿನ್ ತಕ್ಕಡಿಯವರಿಗೆ ಮದುವೆ ಆಗಿದ್ಯಂತಾ?" ಎಂದು ಕಿಸಕ್ಕನೆ ನಗುತ್ತಿದ್ದಳು. ಹೆಂಡತಿ ಪರಿಶೀಲಕರಿಗೆ ಬರೆಯುವ ಜಾಗದಲ್ಲಿ ದಿನವೂ ಒಂದು ಪ್ರಶ್ನೆ ಹಾಕುತ್ತಿದ್ದಳು. ಸಾಹೇಬರು ಕಚೇರಿಯ ಮೂಲೆಯಲ್ಲಿ ನಿಂತು ಉತ್ತರಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಅದೇ ಉತ್ತರವನ್ನು ಅವಳ ಬಾಯಲ್ಲಿ ಹೊಗಳಿಕೆಸಮೇತ ಕೇಳಬೇಕು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ತಕ್ಕಡಿಯ ಕತ್ತು ಹಿಸುಕಬೇಕೆಂದು ಅವರಿಗೆ ಎಷ್ಟೋ ಸಲ ಅನ್ನಿಸಿತು. ಕತ್ತು ತಮ್ಮದೇ ಎಂಬುದು ನೆನಪಾಗಿ ಸುಮ್ಮನಾದರು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ, "ತಕ್ಕಡಿಯವರಂಥ ಮನುಷ್ಯ ಮನೇಲಿದ್ರೆ..." ಎಂದು ನಿಟ್ಟುಸಿರಿಟ್ಟಳು. ಸಾಹೇಬರ ತಾಳ್ಮೆಯ ಕಟ್ಟೆ ಒಡೆಯಿತು.

"ಮನೇಲೇ ಇದ್ದಾನೆ ಕಣೇ! ಆ ತಕ್ಕಡಿ ನಾನೇ!"

ಹೆಂಡತಿ ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

"ನೀವಾ? ಅವರು ನಾನು ಬರೆದ ಒಂದೊಂದು ಮಾತನ್ನೂ ಮೂರು ಮೂರು ಸಲ ಓದ್ತಾರೆ ರೀ. ಇಪ್ಪತ್ತೆರಡು ವರ್ಷದಲ್ಲಿ ನೀವು ನನ್ನ ಒಂದು ಮಾತನ್ನಾದ್ರೂ ಪೂರ್ತಿ..."

"ಕೇಳಿಸ್ಕೊಂಡಿದ್ದೀನಿ!"

"ನೋಡಿದ್ರಾ, ಈಗ್ಲೂ ಪೂರ್ತಿ ಹೇಳಕ್ಕೆ ಬಿಡ್ಲಿಲ್ಲ."

"ಇರು, ಇದೇ ಫೋನಲ್ಲಿದೆ, ತೋರಿಸ್ತೀನಿ!" ಎಂದು ಸಾಹೇಬರು ಜೇಬಿಗೆ ಕೈಹಾಕಿದರು.

ಮಗಳು ತಟ್ಟೆಯಿಂದ ತಲೆಯೆತ್ತಿದಳು. "ತೋರ್ಸಪ್ಪಾ. ಆದ್ರೆ ನೀನೇ ತಕ್ಕಡಿ ಅಂತಾದ್ರೆ, ಅಮ್ಮನ್ನ ನಲವತ್ತು ದಿನ ಸತಾಯಿಸಿದ್ದೂ ನೀನೇ ಅಂತಾಯ್ತು."

"ಅಷ್ಟೇ ಅಲ್ಲ," ಎಂದಳು ಹೆಂಡತಿ. ಈಗ ಅವಳು ನಗುತ್ತಿರಲಿಲ್ಲ. "ಮನೆಯವರೇ ಪಾಸ್ ಮಾಡಿದ್ದು ಅಂತ ಗೊತ್ತಾದ್ರೆ ಲೇಖನ ತೆಗೆದುಹಾಕ್ತಾರೆ. ನನ್ ಹೆಸರು ಮೊದಲ ಪುಟದಲ್ಲಿ ಬಂದಿರೋದು ಹುಟ್ಟಿದಾಗಿಂದ ಇದೊಂದೇ ಸಲ. ನಿಜ ಹೇಳಿ ರೀ, ನೀವೇನಾ?"

ಸಾಹೇಬರು ಅವಳ ಮುಖ ನೋಡಿದರು. ಲೇಖನವನ್ನು ನೋಡಿದಷ್ಟೇ ಗಮನವಿಟ್ಟು, ಬಹುಶಃ ಎಷ್ಟೋ ವರ್ಷಗಳ ಮೇಲೆ ನೋಡಿದರು. ಫೋನು ಜೇಬಿನಲ್ಲೇ ಉಳಿಯಿತು.

"ಇಲ್ಲ ಕಣೇ. ಹೊಟ್ಟೆಕಿಚ್ಚಿಗೆ ಅಂದೆ."

"ಅದೇ ಅಂದ್ಕೊಂಡೆ!" ಎಂದು ಅವಳು ಉಸಿರು ಬಿಟ್ಟು ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಊಟವಾಗಿ ಸಾಹೇಬರು ಒಳಕೋಣೆಯಲ್ಲಿ ಅಡ್ಡಾಗುವಷ್ಟರಲ್ಲಿ ಫೋನು ಗುಂಯ್ಗುಟ್ಟಿತು. ತಕ್ಕಡಿಯವರಿಗೆ ಪತ್ರ ಬಂದಿತ್ತು: "ಮಾನ್ಯರೇ, ನಮ್ಮ ಯಜಮಾನರು ಇಂದು ಹೊಟ್ಟೆಕಿಚ್ಚು ತಡೆಯಲಾರದೆ ತಾವೇ ನೀವೆಂದು ಹೇಳಿಕೊಂಡರು. ಮನುಷ್ಯ ಕೆಟ್ಟವರಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ."

ಸಾಹೇಬರು ಬಹಳ ಹೊತ್ತು ಸೂರು ನೋಡುತ್ತಾ ಮಲಗಿದ್ದರು. ಉತ್ತರ ಕೊಡದಿದ್ದರೆ ಅವಳು ನೊಂದುಕೊಳ್ಳುತ್ತಾಳೆ. ಕೊನೆಗೆ ಹಲ್ಲು ಕಚ್ಚಿಕೊಂಡು, ಒಂದೊಂದೇ ಅಕ್ಷರ ಒತ್ತಿದರು: "ಚಿಂತೆ ಬೇಡ ತಾಯಿ. ನಿಮ್ಮ ಯಜಮಾನರನ್ನು ನಾನು ಮನಸಾರೆ ಕ್ಷಮಿಸಿದ್ದೇನೆ."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

"ರೀ, ಬನ್ನಿ ಇಲ್ಲಿ! ನೀವು ಅಷ್ಟೆಲ್ಲಾ ಅಂದ್ರೂ ಅವರು ಏನ್ ಬರೆದಿದ್ದಾರೆ, ಬಂದು ಓದಿ!" ಎಂದು ಹೆಂಡತಿ ಕೂಗಿದಳು. "ಇಂಥವರನ್ನ ನೋಡಿಯಾದ್ರೂ ಸ್ವಲ್ಪ ಕಲೀಬಾರ್ದಾ?"