ಕಲೀಮುಲ್ಲಾ ಕಲಸಿದ ಗಿಳಿಹಸಿರು

“ಸೋತ್ರೆ ಅಂಗಡೀಲಿ ಬಣ್ಣ ಕಲಸೋ ಸ್ಟೂಲ್ ನಿಂದೇ. ಬಣ್ಣ ನೀ ಕಲಸು, ನಾ ಬ್ರಷ್ ಮಾರ್ಕೊಂಡಿರ್ತೀನಿ” ಎಂದು ಕಲೀಮುಲ್ಲಾ ಸಾಹೇಬರು ಮಗಳಿಗೆ ಮಾತು ಕೊಟ್ಟುಬಿಟ್ಟರು. ಕೊಪ್ಪ ಪೇಟೆಯಲ್ಲಿ ಪೇಂಟ್ ಅಂಗಡಿ ಇಟ್ಟವರು. ಬಣ್ಣದ ವಿಷಯದಲ್ಲಿ ಯಾರಿಗೂ ಸೊಪ್ಪು ಹಾಕಿದವರಲ್ಲ.

ಮಗಳು ಮೆಹ್ನಾಜ್ ಶೃಂಗೇರಿಗೆ ಹೊರಟವಳು ಅಪ್ಪನ ಕೈಗೆ ಟ್ಯಾಬ್ ಹಿಡಿಸಿದ್ದಳು. ಅದರಲ್ಲೊಂದು ಆಟ. ಹೂವು ಅರೆದು ಬಣ್ಣ ಮಾಡಬೇಕು, ಉಣ್ಣೆಗೆ ಹಚ್ಚಬೇಕು, ಉಣ್ಣೆಯ ಚೌಕ ಜೋಡಿಸಿ ಗೋಡೆ ಕಟ್ಟಬೇಕು.

“ನಾ ಬರೋದ್ರೊಳಗೆ ಗಿಳಿಹಸಿರು ಗೋಡೆ ಎದ್ದಿರ್ಬೇಕು ಪಪ್ಪ, ನೋಡುವ.”

ಹೆಸರು ಓದಿ ಬಣ್ಣ ಕಲಸುವುದು ಹೊಸಬರ ಕೆಲಸ! ಸಾಹೇಬರು ಆಟದಲ್ಲಿ ಬರೆದಿದ್ದ ಹೆಸರುಗಳತ್ತ ಕಣ್ಣೂ ಹಾಯಿಸಲಿಲ್ಲ. ಅಂಗಡಿಯ ಪದ್ಧತಿಯಂತೆ ಆಟದ ಮನೆಯ ಬಾಗಿಲ ಪಕ್ಕ ಒಂದೇ ಚೌಕ ಸ್ಯಾಂಪಲ್ ಇಟ್ಟು, ಒಣಗಲಿ ಎಂದು ನಮಾಜಿಗೆ ಹೋದರು.

ಬಂದು ನೋಡಿದರೆ ಚೌಕ ಎರಡಾಗಿತ್ತು. ಎರಡನೆಯದು ಕೊಂಚ ತಿಳಿ. ಟ್ಯಾಬ್ ಬೀರುವಿನಲ್ಲಿತ್ತು, ಬೀರುವಿಗೆ ಬೀಗ, ಕೀಲಿ ಇವರ ಜೇಬಿನಲ್ಲೇ ಇತ್ತು.

ಮರುದಿನ ಮೂರು. ಸಾಹೇಬರು ಜೇಬಿನ ಕೀಲಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡರು. ಹೀಗೆ ಎಡದಿಂದ ಬಲಕ್ಕೆ ಮೂರು ಸ್ಯಾಂಪಲ್ ಹಚ್ಚಿ ನೋಡುತ್ತಿದ್ದವರು ಮೊದಲು ಆ ಸ್ಟೂಲ್ ಮೇಲೆ ಕೂರುತ್ತಿದ್ದ ಅವರ ತಂದೆ, ಅಬ್ಬ ಒಬ್ಬರೇ. ಅಬ್ಬ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಶುಕ್ರವಾರ ಮಧ್ಯಾಹ್ನ ತೆರೆದರೆ ಗೋಡೆ ಮುಕ್ಕಾಲು ಎದ್ದು ನಿಂತಿದೆ. ನೋಡುತ್ತಿದ್ದಂತೆಯೇ ಆಚೆ ಬದಿಯಿಂದ ಯಾರೋ ಇನ್ನೊಂದು ಚೌಕ ಇಟ್ಟರು. ಆಮೇಲೆ ಇನ್ನೊಂದು. ಅವಸರವಿಲ್ಲದ, ಪಳಗಿದ ಕೈ. ಸಾಹೇಬರು ಗಡಬಡಿಸಿ ಟ್ಯಾಬ್ ಆರಿಸಿ ದಿಂಬಿನಡಿ ತುರುಕಿದರು. ಆರಿಸಿದ ಮೇಲೂ ಆಟದ ಕುರಿ ಎಲ್ಲೋ ಹತ್ತಿರದಲ್ಲೇ ಮೆಲ್ಲಗೆ ಬ್ಯಾ ಎಂದಿತು.

ಬಾಯಿಗೆ ಬಂದ ದುವಾ ಎಲ್ಲ ಹೇಳಿದರು. ಕುರಿ ಮತ್ತೆ ಕೂಗಿತು.

“ಅಬ್ಬಾ, ತಪ್ಪಾಯ್ತು” ಎಂದರು ದಿಂಬಿಗೆ. “ಬ್ರಷ್ ಮಾರು, ಬಣ್ಣಕ್ಕೆ ಕೈ ಹಾಕ್ಬೇಡ ಅಂದಿದ್ರಿ. ನಾ ಕೇಳ್ಲಿಲ್ಲ. ನಿಮ್ ಸ್ಟೂಲ್ ಮೇಲೆ ಕೂರೋ ಆಸೆ ನಂಗೆ.” ಹೇಳುತ್ತಾ ನಿಜಕ್ಕೂ ಅಳು ಬಂತು.

“ಮಾವ ಅಲ್ಲ, ನಾನು.”

ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಶಕೀಲಾ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಕುರಿ.

“ಮೆಹ್ನಾಜ್ ನನ್ ಮೊಬೈಲಲ್ಲೂ ಆಟದ ಇದೇ ಮನೆ ಹಾಕ್ಕೊಟ್ಟಿದ್ದಾಳೆ, ನಾನಿಲ್ಲಿ ಇಟ್ಟಿದ್ದು ನಿಮಗಲ್ಲಿ ಕಾಣತ್ತೆ. ಸ್ಟೂಲ್ ಹೋದ್ರೆ ನೀವು ಊಟ ಬಿಡ್ತೀರಿ ಅಂತ ನಾನೇ ಗೋಡೆ ಕಟ್ಟಿದೆ.”

“ನನ್ನ ಗಿಳಿಹಸಿರಿಗೆ ಎಂತ ಆಗಿತ್ತು?”

“ನೀವು ಇಟ್ಟಿದ್ದು ಕಿತ್ತಳೆ.” ಶಕೀಲಾ ಪಕ್ಕದಲ್ಲಿ ಬಂದು ಕೂತಳು. “ನಿಮ್ ಕಣ್ಣಿಗೆ ಎರಡೂ ಒಂದೇ. ಮಾವನಿಗೆ ಗೊತ್ತಿತ್ತು. ಸಾಯೋ ಮುಂಚೆ ಕಲಸೋದು ನಂಗೆ ಹೇಳ್ಕೊಟ್ರು, ನಿಮಗೆ ಹೇಳ್ಬೇಡ ಅಂದ್ರು. ಅಂಗಡೀಲಿ ಸ್ಯಾಂಪಲ್ ಒಣಗೋಕೆ ಬಿಟ್ಟು ನೀವು ನಮಾಜಿಗೆ ಹೋಗ್ತೀರಲ್ಲ, ಬುತ್ತಿ ತಂದವಳು ಡಬ್ಬ ಸರಿ ಮಾಡಿಟ್ಟು ಬರ್ತೀನಿ.”

ಸಾಹೇಬರು ದಿಂಬಿನಡಿಯಿಂದ ಟ್ಯಾಬ್ ಎಳೆದು ತೊಡೆಯ ಮೇಲಿಟ್ಟುಕೊಂಡರು. ಸತ್ತವರ ಕೈ ಎಂದು ಹೆದರಿದ್ದೇ ವಾಸಿಯಿತ್ತು.

“ಹಂಗಾದ್ರೆ ಹನ್ನೆರಡು ವರ್ಷದಲ್ಲಿ ನಾ ಕಲಸಿದ್ದು ಒಂದೂ ಸರಿ ಇರ್ಲಿಲ್ವಾ?”

ಶಕೀಲಾಗೆ ಪಾಪ ಅನ್ನಿಸಿತು. ಬಹಳ ಹೊತ್ತು ನೆನಪು ಮಾಡಿಕೊಂಡು ಹೇಳಿದಳು.

“ಬಿಳಿ ಸರಿ ಇರ್ತಿತ್ತು. ಅದಕ್ಕೆ ನೀವು ಎಂಥದೂ ಹಾಕ್ತಿರ್ಲಿಲ್ಲ.”